ಸಾಲು ಬಿತ್ತನೆಯನ್ನು ಕಂಡುಹಿಡಿದವರು ಜೆತ್ರೋ ಟಲ್ ಅವರೇ? ಕಳೆಯ ಮೇಲೆ ಕುದುರೆ ಹೂಡಿದ ವಕೀಲರ ಕಥೆ

ಕೃಷಿಗೆ ಸಂಬಂಧಿಸಿದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಇರುವವರಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಹೊಸತಲ್ಲ. ಒಂದರ ಪ್ರಕಾರ, ಬೀಜವನ್ನು ಸಾಲಿನಲ್ಲಿ ಬಿತ್ತಿ ಸಾಲುಗಳ ನಡುವೆ ಕಳೆ ತೆಗೆಯುವುದನ್ನು ಜಗತ್ತಿಗೆ ಕಲಿಸಿದವರು ಜೆತ್ರೋ ಟಲ್ ಎಂಬ ಇಂಗ್ಲಿಷ್ ಜಮೀನ್ದಾರರು; 1701ಕ್ಕೆ ಮೊದಲು ಎಲ್ಲರೂ ಕೈಯಿಂದ ಎರಚಿಯೇ ಬಿತ್ತುತ್ತಿದ್ದರು. ಇನ್ನೊಂದರ ಪ್ರಕಾರ, ಅದೇ ಟಲ್ ನಮ್ಮ ಕೂರಿಗೆಯನ್ನು ನೋಡಿ ಕದ್ದು ತಮ್ಮ ಹೆಸರು ಅಂಟಿಸಿಕೊಂಡವರು. ಮೊದಲನೆಯದು ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಜ್ಞಾನದ ರೂಪದಲ್ಲಿ ಬರುತ್ತದೆ. ಎರಡನೆಯದು ಹೆಮ್ಮೆಯಿಂದ ಹಂಚಿಕೊಳ್ಳಿ ಎಂಬ ಕೋರಿಕೆಯೊಂದಿಗೆ ಬರುತ್ತದೆ.

ಹೆಸರನ್ನು ಫೋನಿನಲ್ಲಿ ಹುಡುಕಿದರೆ ಗೊಂದಲ ಇನ್ನಷ್ಟು ಹೆಚ್ಚುತ್ತದೆ. ಒಂಟಿ ಕಾಲಿನಲ್ಲಿ ನಿಂತು ಕೊಳಲೂದುವ ಗಡ್ಡದ ವ್ಯಕ್ತಿಯ ಫೋಟೊ ಬರುತ್ತದೆ. ಅವರು ಟಲ್ ಅಲ್ಲ. 1960ರ ದಶಕದ ಕೊನೆಯಲ್ಲಿ ಶುರುವಾದ ಬ್ರಿಟಿಷ್ ರಾಕ್ ಬ್ಯಾಂಡ್ ಒಂದು ಈ ರೈತರ ಹೆಸರನ್ನೇ ಇಟ್ಟುಕೊಂಡಿತು. ಫೋಟೊದಲ್ಲಿರುವವರು ಅದರ ಗಾಯಕ ಇಯಾನ್ ಆ್ಯಂಡರ್ಸನ್.

ನಾವು ಎರಡೂ ಸಂದೇಶಗಳನ್ನು ಪರಿಶೀಲಿಸಿದೆವು. ಮೊದಲನೆಯದು ತಪ್ಪು, ಎರಡನೆಯದಕ್ಕೆ ಆಧಾರವಿಲ್ಲ. ಆದರೆ ಹುಡುಕುತ್ತಾ ಹೋದಂತೆ ಟಲ್ ಅವರ ನಿಜವಾದ ಬದುಕು ಈ ಎರಡು ಸಂದೇಶಗಳಿಗಿಂತ ಹೆಚ್ಚು ಕುತೂಹಲ ಹುಟ್ಟಿಸಿತು. ಹೊಲದಲ್ಲಿ ಅವರು ಮಾಡಿದ್ದು ಬಹುಪಾಲು ಸರಿಯಾಗಿತ್ತು. ಅದು ಏಕೆ ಫಲ ಕೊಡುತ್ತದೆ ಎಂದು ಅವರು ಕೊಟ್ಟ ಕಾರಣ ಮಾತ್ರ ಬಹುಪಾಲು ತಪ್ಪಾಗಿತ್ತು.

ವಕೀಲರಾಗಬೇಕಿದ್ದವರು

ಟಲ್ ಹುಟ್ಟಿದ್ದು 1674ರಲ್ಲಿ, ಇಂಗ್ಲೆಂಡಿನ ಬರ್ಕ್‌ಷೈರ್ ಪ್ರಾಂತ್ಯದ ಬ್ಯಾಸಿಲ್ಡನ್ ಎಂಬ ಊರಿನಲ್ಲಿ. ಜಮೀನಿದ್ದ ಅನುಕೂಲಸ್ಥ ಕುಟುಂಬ. ಹದಿನೇಳನೇ ವಯಸ್ಸಿನಲ್ಲಿ ಆಕ್ಸ್‌ಫರ್ಡಿನ ಸೇಂಟ್ ಜಾನ್ಸ್ ಕಾಲೇಜು ಸೇರಿದರು, ಪದವಿ ಪಡೆಯಲಿಲ್ಲ. ನಂತರ ಲಂಡನ್ನಿನ ಗ್ರೇಸ್ ಇನ್‌ನಲ್ಲಿ ಕಾನೂನು ಓದಿ 1699ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡರು. ಅದೇ ವರ್ಷ ಮದುವೆಯೂ ಆಯಿತು. ಆದರೆ ಶ್ವಾಸಕೋಶದ ಕಾಯಿಲೆ ಅವರನ್ನು ಬಿಡಲಿಲ್ಲ. ವಕೀಲಿಕೆಯ ಬದಲು ವಾಲಿಂಗ್‌ಫರ್ಡ್ ಹತ್ತಿರದ ಹೌಬರಿ ಎಂಬಲ್ಲಿದ್ದ ಕುಟುಂಬದ ಜಮೀನಿಗೆ ಹೋಗಿ ನೆಲೆಸಿದರು. ಮಣ್ಣಿನ ಮೇಲಿನ ಪ್ರೀತಿಯಿಂದ ಹೋದವರೇನೂ ಅಲ್ಲ; ಬೇಸಾಯ ಅವರಿಗೆ ಸಿಕ್ಕಿದ್ದು ಎರಡನೇ ಆಯ್ಕೆಯಾಗಿ.

ಆ ಕಾಲದ ಇಂಗ್ಲೆಂಡಿನಲ್ಲಿ ಬಿತ್ತನೆ ಎಂದರೆ ಸಾಮಾನ್ಯವಾಗಿ ಹೆಗಲಿಗೆ ಬುಟ್ಟಿ ಹಾಕಿಕೊಂಡು ಹಿಡಿ ಹಿಡಿಯಾಗಿ ಎರಚುವುದು. ಕೆಲವು ಬೀಜ ಆಳಕ್ಕೆ ಹೋಗುತ್ತಿತ್ತು, ಕೆಲವು ಮೇಲೆಯೇ ಉಳಿದು ಹಕ್ಕಿಯ ಪಾಲಾಗುತ್ತಿತ್ತು. ಬೆಳೆ ಹುಟ್ಟಿದ ಮೇಲೆ ನೋಡಿದರೆ ಪೈರು ಯಾವುದು ಕಳೆ ಯಾವುದು ಎಂದು ಬಿಡಿಸಲಾಗದ ಹಾಗೆ ಎರಡೂ ಒಂದೇ ಹಾಸಿಗೆಯಲ್ಲಿ ಹಬ್ಬಿಕೊಂಡಿರುತ್ತಿದ್ದವು. ಹೊಲದ ಒಳಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಕಳೆ ಕೀಳಬೇಕೆಂದರೆ ಆಳುಗಳು ಬಗ್ಗಿ ಒಂದೊಂದನ್ನೇ ಕೀಳಬೇಕು, ಅಷ್ಟರಲ್ಲಿ ಅರ್ಧ ಪೈರು ತುಳಿತಕ್ಕೆ ಸಿಕ್ಕಿರುತ್ತಿತ್ತು. ಹೀಗಾಗಿ ಅನೇಕರು ಮೂರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಹೊಲವನ್ನು ಬೀಳು ಬಿಟ್ಟು, ಆ ವರ್ಷವಿಡೀ ಮತ್ತೆ ಮತ್ತೆ ಉಳುಮೆ ಮಾಡಿ ಕಳೆಯನ್ನು ತಗ್ಗಿಸುತ್ತಿದ್ದರು.

ಟಲ್ ಬೆಳೆಯಲು ಹೊರಟಿದ್ದು ಸೇನ್‌ಫಾಯಿನ್ ಎಂಬ ಮೇವಿನ ಬೆಳೆಯನ್ನು. ನಮ್ಮ ಕುದುರೆ ಮಸಾಲೆಯ ಹಾಗೆ ಇದೂ ದ್ವಿದಳ ಜಾತಿಯದು. ಬೀಜ ದುಬಾರಿ, ಗುಣಮಟ್ಟವೂ ಅಷ್ಟಕ್ಕಷ್ಟೆ. ಅವರು ಬೀಜವನ್ನು ಬೇರೆ ಬೇರೆ ಆಳದಲ್ಲಿ ಹಾಕಿ ನೋಡಿ, ಯಾವ ಆಳದಲ್ಲಿ ಹೆಚ್ಚು ಮೊಳೆಯುತ್ತದೆ ಎಂದು ಕಂಡುಕೊಂಡರು. ಆಮೇಲೆ ಆಳುಗಳಿಂದ ಸಣ್ಣ ಸಾಲು ತೋಡಿಸಿ, ಅದೇ ಆಳದಲ್ಲಿ ತೆಳುವಾಗಿ ಬೀಜ ಬಿಡಿಸಿ ಮುಚ್ಚಿಸಿದರು. ಕಡಿಮೆ ಬೀಜದಲ್ಲಿ ಒಳ್ಳೆಯ ಬೆಳೆ ಬಂತು.

ಆಳುಗಳ ಮುಷ್ಕರದಿಂದ ಹುಟ್ಟಿದ ಯಂತ್ರ

ಮುಂದಿನ ಬಾರಿ ಆಳುಗಳು ಒಪ್ಪಲಿಲ್ಲ. ಟಲ್ ಬರೆದುಕೊಂಡಿರುವ ಪ್ರಕಾರ, ಅವರು ಬೇಕೆಂದೇ ಕೆಲಸ ಕೆಡಿಸಿದರು. ಈ ಹಂತದಲ್ಲಿ ನಾವು ಸ್ವಲ್ಪ ನಿಂತು ನೋಡಬೇಕು, ಏಕೆಂದರೆ ನಮಗೆ ಸಿಗುವುದು ಧಣಿಯ ಕಡೆಯ ಮಾತು ಮಾತ್ರ. ಬೆನ್ನು ಬಗ್ಗಿಸಿ ದಿನವಿಡೀ ಗೆರೆ ಎಳೆದು ಕಾಳು ಬಿಡುವ ಕೆಲಸಕ್ಕೆ ಹಳೆಯ ಕೂಲಿಯೇ ಕೊಟ್ಟರೆ ಯಾರಿಗೆ ತಾನೇ ಇಷ್ಟವಾದೀತು? ಆ ಆಳುಗಳು ಏನಾದರೂ ಬರೆದಿಟ್ಟಿದ್ದರೆ ಕಥೆ ಬೇರೆಯೇ ಇರುತ್ತಿತ್ತೇನೋ. ಟಲ್ ಬದುಕಿನುದ್ದಕ್ಕೂ ಆಳುಗಳನ್ನು ಬೈಯುತ್ತಲೇ ಇದ್ದರು ಎಂಬುದಂತೂ ಅವರ ಪುಸ್ತಕದಲ್ಲೇ ಎದ್ದು ಕಾಣುತ್ತದೆ.

ಸಿಟ್ಟು ಬಂದು ಅವರು ಮಾಡಿದ್ದು ಒಂದು ಯಂತ್ರ. ಸುಮಾರು 1701ರಲ್ಲಿ ಇದು ರೂಪುಗೊಂಡಿತು. ಅದಕ್ಕೆ ಬೇಕಾದ ಉಪಾಯ ಸಿಕ್ಕಿದ್ದು ಚರ್ಚಿನ ಆರ್ಗನ್ ವಾದ್ಯದಿಂದ. ಟಲ್ ಅವರಿಗೆ ಆ ವಾದ್ಯದ ಒಳಗಿನ ರಚನೆ ಗೊತ್ತಿತ್ತು. ಆರ್ಗನ್ನಿನಲ್ಲಿ ಒಂದು ಕಾಲುವೆಯ ಬಾಯಿಗೆ ನಾಲಿಗೆಯಂಥ ತಗಡು, ಅದನ್ನು ಹಿಂದಕ್ಕೆ ತಳ್ಳುವ ಸ್ಪ್ರಿಂಗು ಇರುತ್ತವೆ. ಅವು ಗಾಳಿಯನ್ನು ಬೇಕಾದಷ್ಟೇ ಬಿಡುತ್ತವೆ. ಗಾಳಿಯ ಜಾಗದಲ್ಲಿ ಬೀಜ ಇಟ್ಟರೆ ಹೇಗೆ? ಮೇಲೊಂದು ಬೀಜದ ಪೆಟ್ಟಿಗೆ, ಅದರ ಕೆಳಗೆ ಗಾಲಿಯ ಜೊತೆ ತಿರುಗುವ, ಕಚ್ಚುಗಳಿರುವ ಉರುಳೆ. ಕಚ್ಚಿನೊಳಗೆ ಸಿಕ್ಕಿದ ಕಾಳು ಉರುಳೆಯ ಜೊತೆ ಸುತ್ತಿ ಕೆಳಗೆ ಬೀಳುತ್ತದೆ, ಸ್ಪ್ರಿಂಗಿನ ನಾಲಿಗೆ ಹೆಚ್ಚು ಕಾಳು ಸುರಿಯದಂತೆ ತಡೆಯುತ್ತದೆ. ಮುಂದೆ ಗುಳ ಗೆರೆ ಸೀಳುತ್ತದೆ, ಹಿಂದೆ ಹಲ್ಲಿನ ಹಲಗೆ ಮಣ್ಣು ಮುಚ್ಚುತ್ತದೆ. ಒಂದು ಸಲಕ್ಕೆ ಮೂರು ಸಾಲು.

ಇಲ್ಲಿಯವರೆಗೆ ಟಲ್ ಅವರ ತಲೆಯಲ್ಲಿ ಇದ್ದದ್ದು ಬೀಜದ ಉಳಿತಾಯ, ಆಳಿನ ತಲೆನೋವು. ಕಳೆಯ ವಿಷಯ ಬಂದದ್ದು ಹತ್ತು ವರ್ಷ ಕಳೆದ ಮೇಲೆ.

ದ್ರಾಕ್ಷಿ ತೋಟದಲ್ಲಿ ಕಂಡದ್ದು

ಕಾಯಿಲೆ ಉಲ್ಬಣಿಸಿದಾಗ ಬೆಚ್ಚಗಿನ ಹವೆ ಹುಡುಕಿಕೊಂಡು 1711ರಲ್ಲಿ ಅವರು ಫ್ರಾನ್ಸ್, ಇಟಲಿ ಕಡೆಗೆ ಹೊರಟರು. ದಕ್ಷಿಣ ಫ್ರಾನ್ಸಿನಲ್ಲಿ ದ್ರಾಕ್ಷಿ ಬೆಳೆಗಾರರು ಸಾಲಿನಲ್ಲಿ ಬಳ್ಳಿ ನೆಟ್ಟು, ಎರಡು ಸಾಲಿನ ನಡುವಿನ ನೆಲವನ್ನು ಬೇಸಿಗೆಯ ಉದ್ದಕ್ಕೂ ಮತ್ತೆ ಮತ್ತೆ ಉಳುತ್ತಿದ್ದರು. ಗೊಬ್ಬರ ಹಾಕುತ್ತಿರಲಿಲ್ಲ. ಆದರೂ ಬಳ್ಳಿ ವರ್ಷದಿಂದ ವರ್ಷಕ್ಕೆ ಫಲ ಕೊಡುತ್ತಿತ್ತು, ಸಾಲಿನ ನಡುವೆ ಕಳೆಯೂ ಇರುತ್ತಿರಲಿಲ್ಲ.

ಊರಿಗೆ ಮರಳಿದ ಟಲ್ ಶಾಲ್‌ಬೋರ್ನ್ ಬಳಿಯ ತಮ್ಮ ಇನ್ನೊಂದು ಜಮೀನಿನಲ್ಲಿ ಇದನ್ನು ಪ್ರಯೋಗಿಸಿದರು. ಆ ಜಮೀನಿನ ಹೆಸರು ಪ್ರಾಸ್ಪರಸ್ ಫಾರ್ಮ್, ಅಂದರೆ ಸಮೃದ್ಧಿಯ ಹೊಲ. ನೆಲ ಮಾತ್ರ ಹೆಸರಿಗೆ ತಕ್ಕಂತೆ ಇರಲಿಲ್ಲ. ಮೊದಲು ಟರ್ನಿಪ್, ಆಲೂಗಡ್ಡೆ, ಆಮೇಲೆ ಗೋಧಿ. ಗೋಧಿಯನ್ನು ಎರಡು ಮೂರು ಒತ್ತಾದ ಸಾಲುಗಳಲ್ಲಿ ಬಿತ್ತಿ, ಪಕ್ಕದಲ್ಲಿ ಸುಮಾರು ಐದು ಅಡಿ ನೆಲ ಖಾಲಿ ಬಿಟ್ಟರು. ಆ ಖಾಲಿ ಪಟ್ಟಿಯಲ್ಲಿ ಕುದುರೆಗೆ ಕಟ್ಟಿದ ಗುದ್ದಲಿಯಂಥ ಸಾಧನವನ್ನು ಬೆಳೆ ನಿಂತಿರುವಾಗಲೇ ಹಲವು ಸಲ ಓಡಿಸಿದರು. ನಮ್ಮ ರೈತರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ ಇದು ಎಡೆಕುಂಟೆ, ಎತ್ತಿನ ಬದಲು ಕುದುರೆ. ಆದರೆ ಆಗಿನ ಇಂಗ್ಲೆಂಡಿನಲ್ಲಿ ನಿಂತ ಗೋಧಿಯ ನಡುವೆ ಕುದುರೆ ನಡೆಸುವುದು ಹುಚ್ಚುತನವಾಗಿ ಕಾಣುತ್ತಿತ್ತು. ಅರ್ಧಕ್ಕಿಂತ ಹೆಚ್ಚು ನೆಲವನ್ನು ಖಾಲಿ ಬಿಡುವುದಂತೂ ಅದಕ್ಕಿಂತ ದೊಡ್ಡ ಹುಚ್ಚು.

ಬೀಜ ಬಿತ್ತುವ ಯಂತ್ರವೇ ಟಲ್ ಅವರ ಮುಖ್ಯ ಸಾಧನೆ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ನಮಗೆ ಹಾಗನ್ನಿಸುವುದಿಲ್ಲ. ನೇರ ಸಾಲು ಕಳೆ ತೆಗೆಯಲು ದಾರಿ ಮಾಡಿಕೊಡುತ್ತದೆ ಎಂಬುದನ್ನು ಹಿಡಿದು, ಬೆಳೆ ಕೊಯ್ಯುವವರೆಗೂ ನೆಲ ಕೆದಕುತ್ತಲೇ ಇದ್ದದ್ದು ಅವರ ನಿಜವಾದ ಕೆಲಸ. ಅವರ ಪುಸ್ತಕದ ಹೆಸರಿನಲ್ಲಿ ಕೂಡ ಇರುವುದು ಬಿತ್ತನೆಯಲ್ಲ, ಕುದುರೆಯಿಂದ ಕಳೆ ತೆಗೆಯುವ ಬೇಸಾಯ. 1731ರಲ್ಲಿ ಅದರ ಮಾದರಿ ಭಾಗ ಹೊರಬಂತು, 1733ರಲ್ಲಿ ಪೂರ್ತಿ ಪುಸ್ತಕ.

ಕಳೆಯ ಬಗ್ಗೆ ಟಲ್ ಸರಿಯಾಗಿ ಕಂಡದ್ದು

ಪುಸ್ತಕದಲ್ಲಿ ಕಳೆಗೇ ಮೀಸಲಾದ ಒಂದು ಅಧ್ಯಾಯವಿದೆ. ಬೇಡದ ಜಾಗದಲ್ಲಿ ಬೆಳೆದ ಯಾವ ಗಿಡವೂ ಪಕ್ಕದ ಪೈರಿನ ಊಟ ಕದಿಯುತ್ತದೆ ಎಂಬುದು ಅವರ ವಾದ. ಅದರಲ್ಲಿ ಒಂದು ಅನುಭವ ನಮ್ಮ ಗಮನ ಸೆಳೆಯಿತು. ಅವರ ಒಂದು ಹೊಲದಲ್ಲಿ ಇಪ್ಪತ್ತನಾಲ್ಕು ವರ್ಷ ಸೇನ್‌ಫಾಯಿನ್ ಮೇವು ಇತ್ತು. ಅಷ್ಟು ವರ್ಷವೂ ಅಲ್ಲಿ ಗಸಗಸೆ ಜಾತಿಯ ಕೆಂಪು ಹೂವಿನ ಕಳೆ ತಲೆ ಎತ್ತಿರಲಿಲ್ಲ. ಮೇವನ್ನು ತೆಗೆದು ಮೊದಲ ಉಳುಮೆ ಹೊಡೆದದ್ದೇ ತಡ, ಆ ಕಳೆ ದಟ್ಟವಾಗಿ ಎದ್ದು ನಿಂತಿತು.

ಕಳೆ ಮಣ್ಣಿನಿಂದ ತಾನಾಗಿ ಹುಟ್ಟುತ್ತದೆ ಎಂದು ನಂಬುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಟಲ್ ಅದನ್ನು ಒಪ್ಪಲಿಲ್ಲ. ಬೀಜ ಅಲ್ಲೇ ಮಲಗಿತ್ತು, ಬೆಳಕು ಗಾಳಿ ಸಿಕ್ಕಿದಾಗ ಎದ್ದಿತು ಎಂದರು. ಇಂದು ಇದಕ್ಕೆ ಮಣ್ಣಿನ ಬೀಜ ನಿಧಿ ಎನ್ನುತ್ತಾರೆ. ಕಳೆಯ ವಿಷಯದಲ್ಲಿ ಗೊತ್ತಿರಬೇಕಾದ ಒಂದೇ ಸಂಗತಿ ಇದ್ದರೆ ಅದು ಇದೇ: ನೆಲದ ಮೇಲೆ ಕಾಣುವ ಕಳೆಗಿಂತ ಎಷ್ಟೋ ಪಟ್ಟು ಹೆಚ್ಚು ನೆಲದೊಳಗೆ ಸರದಿ ಕಾಯುತ್ತಿರುತ್ತದೆ. ಹೂ ಬಿಡುವ ಮೊದಲೇ ಕಳೆ ತೆಗೆಯಿರಿ ಎನ್ನುವುದು ಅದಕ್ಕೇ. ನಮ್ಮ ರಸ್ತೆ ಬದಿಯ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ, ಒಂದೇ ಗಿಡದಿಂದ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಂದ ಮೇಲೆ ಕಿತ್ತು ಅಲ್ಲೇ ಬಿಸಾಡಿದರೆ ಬಿತ್ತನೆ ಮಾಡಿದ ಹಾಗೆಯೇ.

ತಿಪ್ಪೆಗೊಬ್ಬರದ ಜೊತೆ ಕಳೆ ಬೀಜವೂ ಹೊಲಕ್ಕೆ ಬರುತ್ತದೆ ಎಂಬ ಟಲ್ ಅವರ ದೂರೂ ನಿಜ. ದನದ ಹೊಟ್ಟೆಯನ್ನು ದಾಟಿಯೂ ಮೊಳೆಯುವ ಬೀಜಗಳಿವೆ. ಇದಕ್ಕೆ ಪರಿಹಾರ ಗೊಬ್ಬರ ಬಿಡುವುದಲ್ಲ, ಅದನ್ನು ಚೆನ್ನಾಗಿ ಕಳಿಸುವುದು. ಗುಡ್ಡೆಯೊಳಗೆ ಕಾವು 55ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಕೆಲವು ದಿನ ನಿಂತರೆ, ನಡುವೆ ಗುಡ್ಡೆಯನ್ನು ತಿರುವಿ ಹಾಕುತ್ತಿದ್ದರೆ, ಬಹುತೇಕ ಕಳೆ ಬೀಜ ಸಾಯುತ್ತದೆ. ಟಲ್ ಆ ದಾರಿ ಹಿಡಿಯಲಿಲ್ಲ.

ಎಡವಿದ್ದು ಎಲ್ಲಿ?

ಗಿಡ ಏನು ತಿಂದು ಬೆಳೆಯುತ್ತದೆ? ಆ ಕಾಲದ ದೊಡ್ಡ ಪ್ರಶ್ನೆ ಇದು. ನೀರು ಎಂದವರಿದ್ದರು, ಗಾಳಿ ಎಂದವರಿದ್ದರು, ಒಂದು ಬಗೆಯ ಉಪ್ಪು ಎಂದವರಿದ್ದರು. ಟಲ್ ಅವರ ಉತ್ತರ ಮಣ್ಣು. ಮಣ್ಣಿನಲ್ಲಿ ಕರಗಿದ ಸಾರವಲ್ಲ, ಮಣ್ಣಿನ ನುಣ್ಣನೆಯ ಕಣಗಳನ್ನೇ ಬೇರಿನ ತುದಿಗಳು ಬಾಯಿಯಂತೆ ನುಂಗುತ್ತವೆ ಎಂದು ಅವರು ನಂಬಿದರು. ಹಾಗಿದ್ದರೆ ಹೆಂಟೆ ಒಡೆದು ಹಿಟ್ಟು ಮಾಡಿದಷ್ಟೂ ಗಿಡಕ್ಕೆ ಊಟ ಹೆಚ್ಚು ತಾನೇ? ಗೊಬ್ಬರ ಮಾಡುವುದೂ ಒಳಗಿಂದ ಮಣ್ಣನ್ನು ಒಡೆಯುವ ಕೆಲಸವನ್ನಷ್ಟೆ, ಆ ಕೆಲಸವನ್ನು ಕುದುರೆ ಮತ್ತು ಕಬ್ಬಿಣ ಇನ್ನೂ ಚೆನ್ನಾಗಿ ಮಾಡುತ್ತವೆ, ಆದ್ದರಿಂದ ಗೊಬ್ಬರ ಬೇಕಿಲ್ಲ. ಹೆಜ್ಜೆ ಹೆಜ್ಜೆಗೂ ತರ್ಕ ಸರಿಯಾಗಿದೆ. ಮೊದಲ ಹೆಜ್ಜೆಯೇ ತಪ್ಪು.

ಅವರನ್ನು ಸೋಮಾರಿ ಸಿದ್ಧಾಂತಿ ಎಂದು ತಳ್ಳಿಹಾಕುವಂತಿಲ್ಲ. ಪುದೀನ ಗಿಡಗಳನ್ನು ಗಾಜಿನ ಪಾತ್ರೆಗಳ ನೀರಿನಲ್ಲಿ ಬೇರು ಕಾಣುವಂತೆ ಇಟ್ಟು, ಒಂದಕ್ಕೆ ಉಪ್ಪು ನೀರು, ಒಂದಕ್ಕೆ ಶಾಯಿ ಎಂದು ಪರೀಕ್ಷೆ ಮಾಡಿದವರು ಅವರು. ಉಪ್ಪು ನೀರಿನ ಪುದೀನ ಬೇಗನೆ ಸತ್ತಿತು. ಹೊಲದಲ್ಲೂ ಪ್ರಯೋಗ ಅವರ ಪರವಾಗಿಯೇ ಇತ್ತು: ಒಂದೇ ಹೊಲದಲ್ಲಿ ಹದಿಮೂರು ವರ್ಷ ಸತತವಾಗಿ, ಗೊಬ್ಬರವಿಲ್ಲದೆ, ಗೋಧಿ ಬೆಳೆದರು. ಇಷ್ಟು ಕಣ್ಣಿಗೆ ಕಂಡ ಮೇಲೆ ಯಾರಿಗಾದರೂ ತಮ್ಮ ಸಿದ್ಧಾಂತದ ಮೇಲೆ ನಂಬಿಕೆ ಬಲವಾಗದೆ ಇರುತ್ತದೆಯೇ?

ಗೋಧಿ ಬೆಳೆದದ್ದಕ್ಕೆ ಕಾರಣ ಬೇರೆ ಇತ್ತು. ಒಂದು, ಕಳೆ ಇಲ್ಲದ್ದರಿಂದ ನೀರು, ಬೆಳಕು, ಪೋಷಕಾಂಶ ಎಲ್ಲವೂ ಪೈರಿಗೇ ಸಿಕ್ಕವು. ಪ್ರತಿ ವರ್ಷ ನೆಲದ ದೊಡ್ಡ ಪಾಲು ಖಾಲಿ ಇದ್ದು, ಮುಂದಿನ ವರ್ಷ ಆ ಪಟ್ಟಿಯಲ್ಲೇ ಬಿತ್ತನೆ ಆಗುತ್ತಿತ್ತು. ಅಂದರೆ ಹೊಲದೊಳಗೇ ಬೀಳು ಬಿಡುವ ಪದ್ಧತಿ ಅಡಗಿತ್ತು. ಇನ್ನೊಂದು ಕಾರಣ ಅವರಿಗೆ ಗೊತ್ತಾಗಲು ಸಾಧ್ಯವೇ ಇರಲಿಲ್ಲ. ಮಣ್ಣನ್ನು ಕೆದಕಿದಾಗ ಒಳಗೆ ಗಾಳಿಯಾಡುತ್ತದೆ, ಸೂಕ್ಷ್ಮಜೀವಿಗಳು ಚುರುಕಾಗಿ ಹಳೆಯ ಬೇರು, ಎಲೆಗಳ ಅಂಶವನ್ನು ಕೊಳೆಸುತ್ತವೆ, ಅದರಿಂದ ಸಾರಜನಕ ಬಿಡುಗಡೆಯಾಗುತ್ತದೆ. ಟಲ್ ಮಣ್ಣಿಗೆ ಏನೂ ಹಾಕದೆ ಬೆಳೆದಿದ್ದರು ನಿಜ. ಆದರೆ ಅವರು ಖರ್ಚು ಮಾಡುತ್ತಿದ್ದದ್ದು ಮಣ್ಣಿನ ಹಳೆಯ ಉಳಿತಾಯವನ್ನು.

ಆ ಉಳಿತಾಯದ ಲೆಕ್ಕ ತೆಗೆಯಲು ಶತಮಾನ ಹಿಡಿಯಿತು. ಗಿಡ ಮಣ್ಣಿನಿಂದ ಖನಿಜ ಲವಣಗಳನ್ನು, ಗಾಳಿಯಿಂದ ಇಂಗಾಲವನ್ನು ಪಡೆಯುತ್ತದೆ ಎಂಬುದು ಹತ್ತೊಂಬತ್ತನೇ ಶತಮಾನದಲ್ಲಿ ಸ್ಪಷ್ಟವಾಯಿತು. 1843ರಲ್ಲಿ ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲದಲ್ಲಿ ಒಂದು ಗೋಧಿ ಪ್ರಯೋಗ ಶುರುವಾಗಿ ಇಂದಿಗೂ ನಡೆಯುತ್ತಿದೆ. ಅಲ್ಲಿ ಗೊಬ್ಬರವನ್ನೇ ಕಾಣದ ಒಂದು ಪಟ್ಟಿ ಇದೆ. ಅದು ಬರಡಾಗಿಲ್ಲ, ಹೆಕ್ಟೇರಿಗೆ ಸುಮಾರು ಒಂದು ಟನ್ ಕೊಡುತ್ತಲೇ ಇದೆ. ಪಕ್ಕದಲ್ಲಿ ಗೊಬ್ಬರ ಹಾಕಿದ ಪಟ್ಟಿಗಳು ಅದರ ಹಲವು ಪಟ್ಟು ಕೊಡುತ್ತವೆ. ಗೊಬ್ಬರವಿಲ್ಲದೆಯೂ ಬೆಳೆ ಬರುತ್ತದೆ ಎನ್ನುವ ಫಾರ್ವರ್ಡ್ ಸಿಕ್ಕಾಗ, ಎಷ್ಟು ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂದು ಕೇಳುವುದು ಒಳ್ಳೆಯದು.

ಬೈಗುಳದ ನಡುವೆ ಕೊನೆಯ ದಿನಗಳು

ಟಲ್ ಜಗಳಗಂಟರು. ಪ್ರಾಚೀನ ರೋಮಿನ ಕವಿ ವರ್ಜಿಲ್ ಬೇಸಾಯದ ಬಗ್ಗೆ ಹೇಳಿದ್ದೆಲ್ಲ ತಪ್ಪು ಎಂದು ಬರೆದರು. ಓದಿದ ಇಂಗ್ಲಿಷರಿಗೆ ಆಗ ವರ್ಜಿಲ್ ಎಂದರೆ ನಮಗೆ ಪುರಾಣವಿದ್ದ ಹಾಗೆ. ತೋಟಗಾರಿಕೆ ಲೇಖಕ ಸ್ಟೀಫನ್ ಸ್ವಿಟ್ಜರ್ ಮತ್ತು ಅವರ ಗೆಳೆಯರ ಗುಂಪು ತಿರುಗಿಬಿತ್ತು. ಟಲ್ ಹೇಳುವುದರಲ್ಲಿ ಹೊಸದೇನೂ ಇಲ್ಲ, ಎಲ್ಲವೂ ಹಳೆಯ ಪುಸ್ತಕಗಳಿಂದ ಕದ್ದದ್ದು ಎಂಬುದು ಅವರ ಆರೋಪ. ಕೃತಿಚೌರ್ಯದ ಆರೋಪ, ಪರಂಪರೆಗೆ ಅವಮಾನ, ವೈಯಕ್ತಿಕ ನಿಂದೆ: ಇಂದಿನ ಕಾಮೆಂಟ್ ಬಾಕ್ಸಿನಲ್ಲಿ ಇರುವುದೆಲ್ಲ 1730ರ ದಶಕದಲ್ಲೂ ಇತ್ತು, ಬರಲು ವಾರಗಳು ಹಿಡಿಯುತ್ತಿದ್ದವು ಅಷ್ಟೆ. ಕಾಯಿಲೆಯಿಂದ ಕೋಣೆ ಹಿಡಿದಿದ್ದ ಟಲ್ ಒಂದೊಂದಕ್ಕೂ ಉತ್ತರ ಬರೆದು ಅಚ್ಚು ಹಾಕಿಸುತ್ತಾ ಹೋದರು. ಸುಮ್ಮನಿದ್ದು ಹೊಲ ನೋಡಿಕೊಂಡಿದ್ದರೆ ಅವರಿಗೆ ಒಳ್ಳೆಯದಿತ್ತು ಎನ್ನಿಸುತ್ತದೆ.

ಸತ್ತದ್ದು 21 ಫೆಬ್ರುವರಿ 1741ರಂದು. ಕೆಲವು ಕಡೆ 1740 ಎಂದು ಕಂಡರೆ ತಪ್ಪೆಂದುಕೊಳ್ಳಬೇಡಿ. ಆಗಿನ ಇಂಗ್ಲೆಂಡಿನಲ್ಲಿ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ, ಹಾಗಾಗಿ ಅವರ ಲೆಕ್ಕದಲ್ಲಿ ಅದು ಇನ್ನೂ 1740.

ಅವರ ಜೀವಿತಕಾಲದಲ್ಲಿ ಯಂತ್ರ ಹೆಚ್ಚು ಹೊಲಗಳಿಗೆ ಹೋಗಲೇ ಇಲ್ಲ. ಪುಸ್ತಕ ಹೋಯಿತು. ಫ್ರಾನ್ಸಿನಲ್ಲಿ ದುಹಾಮೆಲ್ ದ್ಯು ಮೊನ್ಸೋ ಅದನ್ನು ಆಧರಿಸಿ ಬರೆದರು, ಅಮೆರಿಕದ ಜಾರ್ಜ್ ವಾಷಿಂಗ್ಟನ್ ಅದನ್ನು ಓದಿ ಟಿಪ್ಪಣಿ ಮಾಡಿಕೊಂಡರು. ಸಾಲು ಬಿತ್ತನೆ ಇಂಗ್ಲೆಂಡಿನಲ್ಲಿ ಸಾಮಾನ್ಯವಾದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬೇರೆಯವರು ಸುಧಾರಿಸಿದ ಗಟ್ಟಿಮುಟ್ಟಾದ ಯಂತ್ರಗಳು ಬಂದ ಮೇಲೆ.

ಹಾಗಾದರೆ ಕೂರಿಗೆ?

ಮೊದಲ ಫಾರ್ವರ್ಡಿಗೆ ಉತ್ತರ ನಮ್ಮ ಅಟ್ಟಗಳ ಮೇಲೇ ಇದೆ. ನಮ್ಮ ತಂಡದ ಒಬ್ಬರ ಅಜ್ಜನ ಮನೆಯಲ್ಲಿ ಮೂರು ತಾಳಿನ ಕೂರಿಗೆ ಇನ್ನೂ ಇದೆ, ಬಿದಿರಿನ ಕೊಳವೆಗಳು ಮಾತ್ರ ಗೆದ್ದಲು ಹಿಡಿದಿವೆ. ಮೇಲಿನ ಬಟ್ಟಲಿಗೆ ಬೆರಳ ಸಂದಿಯಿಂದ ಕಾಳು ಬಿಟ್ಟರೆ ಕೊಳವೆಗಳ ಮೂಲಕ ಒಂದೊಂದು ತಾಳಿಗೂ ಸಮನಾಗಿ ಹಂಚಿಹೋಗುತ್ತದೆ. ಟಲ್ ಅವರಲ್ಲಿ ಉರುಳೆ, ಸ್ಪ್ರಿಂಗು ಮಾಡುವ ಕೆಲಸವನ್ನು ಇಲ್ಲಿ ಬಿತ್ತುವವರ ಬೆರಳು ಮಾಡುತ್ತದೆ. ಉದ್ದೇಶ ಒಂದೇ, ತಂತ್ರ ಬೇರೆ.

1790ರ ದಶಕದಲ್ಲಿ ದಕ್ಷಿಣ ಭಾರತದಲ್ಲಿದ್ದ ಕ್ಯಾಪ್ಟನ್ ಥಾಮಸ್ ಹಾಲ್ಕಾಟ್ ಎಂಬ ಬ್ರಿಟಿಷ್ ಅಧಿಕಾರಿ ಹೊಲವೊಂದನ್ನು ದಾಟುವಾಗ ರೈತರು ಕೂರಿಗೆ ಹೊಡೆಯುತ್ತಿದ್ದುದನ್ನು ಕಂಡು ಬೆರಗಾದರು. ಅದು ಯುರೋಪಿನ ಹೊಸ ಆವಿಷ್ಕಾರ ಎಂದೇ ಅವರು ಅಲ್ಲಿಯವರೆಗೆ ತಿಳಿದಿದ್ದರು. ಇಲ್ಲಿನ ಸಾಧನದ ವಿವರವನ್ನು ಇಂಗ್ಲೆಂಡಿನ ಕೃಷಿ ಮಂಡಳಿಗೆ ಬರೆದು ಕಳುಹಿಸಿದರು, 1797ರಲ್ಲಿ ಅದು ಅಚ್ಚಾಯಿತು. ಧರಂಪಾಲ್ ಅವರು ಹದಿನೆಂಟನೇ ಶತಮಾನದ ಭಾರತೀಯ ವಿಜ್ಞಾನ, ತಂತ್ರಜ್ಞಾನದ ಬಗ್ಗೆ 1971ರಲ್ಲಿ ಹೊರತಂದ ಸಂಗ್ರಹದಲ್ಲಿ ಇದನ್ನು ಸೇರಿಸಿದ್ದಾರೆ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಪ್ರವಾಸ ಹೊರಟ ಫ್ರಾನ್ಸಿಸ್ ಬುಕಾನನ್ ಕೂಡ ರಾಗಿಯನ್ನು ಕೂರಿಗೆಯಲ್ಲಿ ಬಿತ್ತಿ, ಆಮೇಲೆ ಎತ್ತಿನ ಕುಂಟೆ ಹೊಡೆಯುವುದನ್ನು ವಿವರವಾಗಿ ದಾಖಲಿಸಿದ್ದಾರೆ. ಅಂದರೆ ಬಿತ್ತನೆಯ ಜೊತೆಗೆ, ಟಲ್ ಹೊಸತೆಂದು ವಾದಿಸಿದ ಸಾಲಿನ ನಡುವಿನ ಕಳೆ ನಿಯಂತ್ರಣವೂ ಇಲ್ಲಿನ ರೈತರಿಗೆ ವಾಡಿಕೆಯ ಕೆಲಸವಾಗಿತ್ತು.

ಹಾಗಂತ ಎರಡನೇ ಫಾರ್ವರ್ಡ್ ನಿಜವಾಗುವುದಿಲ್ಲ. ಟಲ್ ಭಾರತಕ್ಕೆ ಬಂದವರಲ್ಲ. ಅವರ ಯಂತ್ರದ ಒಳರಚನೆ ಕೂರಿಗೆಯನ್ನು ಹೋಲುವುದೂ ಇಲ್ಲ. ಹಾಲ್ಕಾಟ್ ಬರೆದದ್ದು ಟಲ್ ಸತ್ತು ಅರ್ಧ ಶತಮಾನ ಕಳೆದ ಮೇಲೆ. ಯುರೋಪಿನಲ್ಲೇ ಅವರಿಗಿಂತ ಮೊದಲು ಇಂಥ ಯಂತ್ರ ಮಾಡಲು ಹೊರಟವರಿದ್ದರು. ಜಾನ್ ವರ್ಲಿಜ್ 1669ರ ತಮ್ಮ ಪುಸ್ತಕದಲ್ಲಿ ಅದರ ನಕ್ಷೆಯನ್ನೇ ಕೊಟ್ಟಿದ್ದರು. ಚೀನಾದಲ್ಲಿ ಹಲವು ಕೊಳವೆಯ ಬಿತ್ತನೆ ಸಾಧನ ಕ್ರಿಸ್ತಪೂರ್ವದಿಂದಲೂ ಇತ್ತು. ಸಾಲಿನಲ್ಲಿ ಬಿತ್ತುವ ಉಪಾಯ ಒಬ್ಬರ ತಲೆಯಿಂದ ಹುಟ್ಟಿದ್ದಲ್ಲ, ಒಂದು ದೇಶದಿಂದ ಇನ್ನೊಂದಕ್ಕೆ ಕದ್ದು ಹೋದದ್ದು ಎನ್ನಲೂ ಪುರಾವೆ ಇಲ್ಲ.

ನಿಮ್ಮ ಹೊಲ, ಹಿತ್ತಲಿಗೆ ಇದರಿಂದೇನು?

1940ರ ದಶಕದಲ್ಲಿ 2,4-ಡಿ ಎಂಬ ಕಳೆನಾಶಕ ಬಂದ ಮೇಲೆ ಕುಂಟೆ ಹಿಂದೆ ಸರಿಯಿತು. ಒಂದೇ ಔಷಧವನ್ನು ಮತ್ತೆ ಮತ್ತೆ ಹೊಡೆದ ಕಡೆಗಳಲ್ಲಿ ಅದಕ್ಕೆ ಬಗ್ಗದ ಕಳೆಗಳು ಹುಟ್ಟಿಕೊಂಡ ಮೇಲೆ ಈಗ ಕ್ಯಾಮೆರಾ ನೋಡಿ ಸಾಲು ಹಿಡಿಯುವ ಟ್ರ್ಯಾಕ್ಟರ್ ಕುಂಟೆಗಳು ಯುರೋಪಿನ ಹೊಲಗಳಲ್ಲಿ ಓಡಾಡುತ್ತಿವೆ. ಇಲ್ಲಿ ಸೈಕಲ್ ಗಾಲಿಯ ಎಡೆಕುಂಟೆ, ಪವರ್ ವೀಡರ್‌ಗಳು ಅದೇ ಕೆಲಸ ಮಾಡುತ್ತವೆ. ಕಳೆ ಕೀಳುವ ಕೆಲಸ ನಮ್ಮಲ್ಲಿ ಹೆಚ್ಚಾಗಿ ಹೆಂಗಸರ ಬೆನ್ನಿನ ಮೇಲೆ ಬಿದ್ದಿರುವುದರಿಂದ, ಸಾಲು ನೇರವಾಗಿದ್ದರೆ ಉಳಿಯುವುದು ಅವರ ಬೆನ್ನು.

ಟಲ್ ಅವರ ವಿಧಾನ ಚೆನ್ನಾಗಿ ನಡೆಯುವುದು ಬೀಜದಿಂದ ಹುಟ್ಟುವ ವಾರ್ಷಿಕ ಕಳೆಗಳ ಮೇಲೆ. ಹೆಚ್ಚಿನ ಹೊಲದ ಬೆಳೆಗಳಿಗೆ ಬಿತ್ತಿದ ಮೊದಲ ನಾಲ್ಕರಿಂದ ಆರು ವಾರ ನಿರ್ಣಾಯಕ. ಕಳೆ ಎರಡು ಮೂರು ಎಲೆಯಲ್ಲಿದ್ದಾಗ, ಬಿಸಿಲಿರುವ ದಿನ, ಮೇಲ್ಮಣ್ಣಿನಲ್ಲಷ್ಟೇ ಕುಂಟೆ ಹೊಡೆದರೆ ಬೇರು ಹೊರಬಿದ್ದು ಒಣಗುತ್ತದೆ. ಆಳಕ್ಕೆ ಹೊಡೆದರೆ ಪೈರಿನ ಬೇರಿಗೂ ಪೆಟ್ಟು, ಕೆಳಗೆ ಮಲಗಿದ್ದ ಬೀಜಕ್ಕೂ ಎಚ್ಚರ. ಗರಿಕೆ, ಜೇಕು ಇರುವ ಕಡೆ ಮಾತ್ರ ಹುಷಾರು. ಗರಿಕೆಯ ಬೇರುಕಾಂಡ ತುಂಡಾದಷ್ಟೂ ಹೊಸ ಗಿಡ, ಜೇಕಿನ ಗಡ್ಡೆಗಳ ಸರ ಕಡಿದರೆ ಒಂದೊಂದು ಗಡ್ಡೆಯೂ ಬೇರೆಯಾಗಿ ಚಿಗುರುತ್ತದೆ. ಒಂದೆರಡು ಸಲ ಅರೆಮನಸ್ಸಿನಿಂದ ಕುಂಟೆ ಹೊಡೆಯುವುದು ಅವಕ್ಕೆ ಉಪಕಾರ. ಬೇಸಿಗೆಯಲ್ಲಿ ಉಳುಮೆ ಮಾಡಿ ಗಡ್ಡೆಗಳನ್ನು ಮೇಲೆ ತಂದು, ಆರಿಸಿ, ಉಳಿದವು ಬಿಸಿಲಿಗೆ ಒಣಗಲು ಬಿಡಬೇಕು, ಚಿಗುರಿದ ಹಾಗೆಲ್ಲ ಮತ್ತೆ ತೆಗೆಯಬೇಕು.

ಇನ್ನು ಆಗಾಗ ಬರುವ ಮೂರನೇ ಫಾರ್ವರ್ಡ್: ಉಪ್ಪು, ವಿನೆಗರ್, ಪಾತ್ರೆ ತೊಳೆಯುವ ಸೋಪು ಬೆರೆಸಿ ಸಿಂಪಡಿಸಿದರೆ ಕಳೆ ಕಾಯಂ ನಾಶ ಎನ್ನುವುದು. ಅಡುಗೆಮನೆಯ ವಿನೆಗರ್ ಎಳೆಯ ಸಸಿಗಳ ಎಲೆ ಸುಡುತ್ತದೆ, ಬೆಳೆದ ಕಳೆಯ ಬೇರಿಗೆ ಏನೂ ಆಗುವುದಿಲ್ಲ, ಅದು ಮತ್ತೆ ಚಿಗುರುತ್ತದೆ. ಉಪ್ಪು ನಿಜಕ್ಕೂ ಕೊಲ್ಲುತ್ತದೆ, ಟಲ್ ಅವರ ಪುದೀನಕ್ಕೆ ಆದಂತೆಯೇ. ಆದರೆ ಕಳೆಯನ್ನು ಮಾತ್ರ ಆರಿಸಿ ಕೊಲ್ಲುವುದಿಲ್ಲ, ಮತ್ತು ಕೆಲಸ ಮುಗಿದ ಮೇಲೆ ಮಣ್ಣು ಬಿಟ್ಟು ಹೋಗುವುದಿಲ್ಲ. ಅಂಗಳದ ಕಲ್ಲುಚಪ್ಪಡಿಯ ಸಂದಿಗೆ ಹಾಕಿದರೂ ಮಳೆ ನೀರಿನಲ್ಲಿ ಪಕ್ಕದ ಗಿಡದ ಬುಡಕ್ಕೆ ಹರಿಯುತ್ತದೆ. ಹೊಲ, ಕೈತೋಟಕ್ಕಂತೂ ಹಾಕಲೇಬೇಡಿ.

ಕಾಯಂ ನಾಶ ಎಂಬ ಮಾತನ್ನು ನಂಬುವ ಮೊದಲು ಟಲ್ ಅವರ ಹೊಲದ ಇಪ್ಪತ್ತನಾಲ್ಕು ವರ್ಷದ ಕೆಂಪು ಹೂವನ್ನು ನೆನಪಿಸಿಕೊಳ್ಳಿ. ಆ ಲೆಕ್ಕವನ್ನು ಮುಂದುವರಿಸಿದ ಪ್ರಯೋಗವೊಂದು ಅಮೆರಿಕದ ಮಿಷಿಗನ್‌ನಲ್ಲಿ ನಡೆಯುತ್ತಿದೆ. 1879ರಲ್ಲಿ ವಿಲಿಯಂ ಬೀಲ್ ಎಂಬ ಸಸ್ಯವಿಜ್ಞಾನಿ ಕಳೆ ಬೀಜಗಳನ್ನು ಮರಳಿನೊಂದಿಗೆ ಇಪ್ಪತ್ತು ಬಾಟಲಿಗಳಲ್ಲಿ ತುಂಬಿ ನೆಲದಲ್ಲಿ ಹೂತರು. ಆಗಾಗ ಒಂದೊಂದನ್ನು ತೆಗೆದು ಮೊಳಕೆ ಬರಿಸಿ ನೋಡುತ್ತಾ ಬಂದಿದ್ದಾರೆ. 2021ರಲ್ಲಿ ತೆಗೆದ ಬಾಟಲಿಯ ಕೆಲವು ಬೀಜ 142 ವರ್ಷದ ನಂತರವೂ ಮೊಳೆತವು. ಮುಂದಿನ ಬಾಟಲಿಯನ್ನು ಅಗೆಯುವುದು 2040ರಲ್ಲಿ.